ಶಕ ಅಂದ್ರೆ ಇಸವಿ ಅಲ್ಲ: ಹಳೇ ಕಲ್ಲು, ಪತ್ರ, ಬಾಗಿಲ್ವಾಡದ ಮೇಲಿನ ವರ್ಷ ಓದೋದು ಹೇಗೆ, ಶಕ-ಶತಮಾನ-ಯುಗ ಬರೆಯೋದು ಹೇಗೆ

ಹೋದ ವರ್ಷ ಊರ ಮನೆಗೆ ಬಣ್ಣ ಹೊಡ್ಸೋವಾಗ ಬಾಗಿಲ್ವಾಡದ ಮೇಲಿನ ಪಟ್ಟಿನ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದ್ರು, ನಾಕೈದು ಪದರ ಎಣ್ಣೆ ಬಣ್ಣ ಕಿತ್ತು ಬಂದ್ಮೇಲೆ ಕೆಳಗೆ ಕೊರ್ದಿದ್ದ ಅಕ್ಷರ ಕಾಣಿಸ್ತು: "ಶಾ॥ ಶ॥ ೧೮೩೨ ಸಾಧಾರಣ ಸಂ॥ ಮಾಘ ಶು॥ ೫", ಬಿಡಿಸಿ ಹೇಳಿದ್ರೆ ಶಾಲಿವಾಹನ ಶಕ 1832, ಸಾಧಾರಣ ಸಂವತ್ಸರ, ಮಾಘ ಶುದ್ಧ ಪಂಚಮಿ. ಚಿಕ್ಕಪ್ಪ ತಕ್ಷಣ ಫೋಟೋ ತೆಗ್ದು ಮನೆ ಗ್ರೂಪಿಗೆ ಹಾಕಿದ್ರು, "ನಮ್ಮನೆ 1832ರಲ್ಲಿ ಕಟ್ಟಿದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, ಇನ್ನೇನು ಇನ್ನೂರು ವರ್ಷ ತುಂಬತ್ತೆ" ಅಂತ. ಕೆಳಗೆ ಹತ್ತಿಪ್ಪತ್ತು ಕೈಮುಗ್ಯೋ ಎಮೋಜಿ. ನಾನು "ಚಿಕ್ಕಪ್ಪ ಅದು ಶಕ ವರ್ಷ, ಇಸವಿ ಅಲ್ಲ, 78 ಕೂಡ್ಸಬೇಕು" ಅಂತ ಹಾಕಿದ್ದಕ್ಕೆ "ಶಕ ಅಂದ್ರೂ ಇಸವಿ ಅಂದ್ರೂ ಒಂದೇ ಅಲ್ವೇನೋ, ಕ್ರಿಸ್ತ ಶಕ ಅನ್ನಲ್ವಾ ನಾವು" ಅಂತ ಉತ್ರ ಬಂತು.

ಪ್ರಶ್ನೆ ಸರಿಯಾಗೇ ಇದೆ, ಹಾಗಾಗಿ ಒಂದ್ಸಲ ಉದ್ದಕ್ಕೆ ಬರ್ದುಬಿಡೋಣ ಅನ್ನಿಸ್ತು.

ಮೊದ್ಲು ತಲೇಲಿ ಇಟ್ಕೋಬೇಕಾದ್ದು ಇಷ್ಟೇ: ಶತಮಾನ, ದಶಕ, ಯುಗ ಇವೆಲ್ಲ ಕಾಲದ ತುಂಡುಗಳು, ಇಲ್ಲಿಂದ ಇಲ್ಲಿವರೆಗೆ ಅಂತ ಉದ್ದ ಇರೋವು. ಶಕ ಹಾಗಲ್ಲ, ಶಕ ಅಂದ್ರೆ ಎಣಿಕೆ. ಯಾವ್ದೋ ಒಂದು ಘಟನೆಗೆ ಗೂಟ ಹೊಡ್ದು ಅಲ್ಲಿಂದ ಒಂದು ಎರಡು ಮೂರು ಅಂತ ವರ್ಷ ಎಣಿಸ್ತಾ ಬರೋದು. ಹಾಗಾಗಿ "ಯಾವ ಶಕ" ಅಂತ ಹೇಳದೇ ಇದ್ರೆ ಬರೀ ನಂಬರಿಗೆ ಅರ್ಥ ಇಲ್ಲ. 1832 ಅಂದ್ರೆ ಎಲ್ಲಿಂದ ಎಣಿಸಿದ 1832?

ಈ ಪದ ಬಂದ ದಾರಿನೂ ಮಜವಾಗಿದೆ. ಶಕರು ಅನ್ನೋದು ಮಧ್ಯ ಏಷ್ಯಾ ಕಡೆಯಿಂದ ಬಂದು ಪಶ್ಚಿಮ ಭಾರತದಲ್ಲಿ ನೆಲೆ ನಿಂತ ಜನ. ಕ್ರಿ.ಶ. 78ರಿಂದ ಶುರುವಾದ ಎಣಿಕೆಗೆ ಅವರ ಹೆಸ್ರು ಅಂಟ್ಕೊಂಡ್ತು. ಶುರು ಮಾಡಿದ್ದು ಕುಷಾಣ ರಾಜ ಕನಿಷ್ಕ ಅಂತ ನಾವು ಸ್ಕೂಲಲ್ಲಿ ಓದಿದ್ವಿ, ಅಲ್ಲ ಪಶ್ಚಿಮ ಕ್ಷತ್ರಪರ ಚಷ್ಟನ ಅಂತ ಇನ್ನೊಂದು ವಾದ ಇದೆ, ಆ ಜಗಳ ವಿದ್ವಾಂಸರಿಗೆ ಬಿಡಿ. ನಮಗೆ ಬೇಕಾದ್ದು ಏನಂದ್ರೆ, ಕಾಲ ಹೋದ ಹಾಗೆ ಜನಾಂಗದ ಹೆಸ್ರೇ "ವರ್ಷದ ಎಣಿಕೆ" ಅನ್ನೋ ಅರ್ಥಕ್ಕೆ ತಿರುಗ್ತು. ಜೆರಾಕ್ಸ್ ಅನ್ನೋ ಕಂಪನಿ ಹೆಸ್ರು ನಮ್ಮ ಬೀದಿ ಅಂಗಡೀಲಿ ನಕಲು ತೆಗೆಯೋ ಕೆಲ್ಸಕ್ಕೇ ಹೆಸ್ರಾಯ್ತಲ್ಲ, ಹಾಗೇ. ಅದಕ್ಕೇ ಕ್ರಿಸ್ತನಿಗೂ ಶಕರಿಗೂ ಯಾವ ಸಂಬಂಧ ಇಲ್ದಿದ್ರೂ ಕ್ರಿಸ್ತ ಶಕ ಅಂತೀವಿ, ಹಿಜರಿ ಶಕ ಅಂತೀವಿ.

ಈ ಅರ್ಥ ಇನ್ನೂ ತಿರುಗದೇ ಇದ್ದ ಕಾಲದ ಸಾಕ್ಷಿ ನಮ್ಮ ಬಾದಾಮೀಲೇ ಇದೆ. ಮೂರನೇ ಗುಹೆ ಇದ್ಯಲ್ಲ, ದೊಡ್ಡ ವಿಷ್ಣು ಗುಹೆ, ಮಂಗಲೇಶ ಮಾಡ್ಸಿದ್ದು, ಅಲ್ಲಿನ ಸಂಸ್ಕೃತ ಶಾಸನದಲ್ಲಿ "ಶಕನೃಪತಿರಾಜ್ಯಾಭಿಷೇಕಸಂವತ್ಸರೇಷ್ವತಿಕ್ರಾಂತೇಷು ಪಂಚಸು ಶತೇಷು" ಅಂತಿದೆ. ಶಕ ರಾಜನ ಪಟ್ಟಾಭಿಷೇಕ ಆಗಿ ಐನೂರು ವರ್ಷ ಕಳೆದ ಮೇಲೆ, ಅಂತ. ಐನೂರಕ್ಕೆ 78 ಕೂಡ್ಸಿ, 578. ನೋಡಿ ಇಲ್ಲಿ ಶಕ ಅಂದ್ರೆ ಇನ್ನೂ ಶಕ ರಾಜನೇ, ಶಾಲಿವಾಹನ ಪಾಲಿವಾಹನ ಯಾರೂ ಇಲ್ಲ. ಆ ಹೆಸ್ರು ಈ ಎಣಿಕೆಗೆ ಸೇರಿಕೊಂಡಿದ್ದು ಎಷ್ಟೋ ಶತಮಾನ ಆದ್ಮೇಲೆ, ವಿಜಯನಗರದ ಕಾಲಕ್ಕೆ ಬಂದ್ರೆ "ಸ್ವಸ್ತಿಶ್ರೀ ಜಯಾಭ್ಯುದಯ ಶಾಲಿವಾಹನ ಶಕವರುಷ" ಅಂತ ಶುರುವಾಗೋದು ಮಾಮೂಲಾಗಿಬಿಡತ್ತೆ. ನಮ್ಮ ಮದುವೆ ಕಾರ್ಡಲ್ಲಿ ಇವತ್ತಿಗೂ ಬರೋದು ಹೆಚ್ಚುಕಮ್ಮಿ ಅದೇ ಸಾಲು. ಹಾಗಾಗಿ ಹಿಂದೆ ಮುಂದೆ ಏನೂ ಇಲ್ದೆ ಬರೀ "ಶಕ 1290" ಅಂತ ಕಂಡ್ರೆ ಅದು ಈ 78ರ ಶಕ ಅಂತಲೇ ತಗೊಳ್ಳಿ. ಹಳೇ ಕಲ್ಲುಗಳಲ್ಲಿ "ಸಕವರುಷ" ಅಂತ ಸ ಹಾಕಿರ್ತಾರೆ, ಬೇರೆ ಏನೋ ಅಂದ್ಕೋಬೇಡಿ.

ಈಗ ಲೆಕ್ಕಕ್ಕೆ ಬರೋಣ. ಕಲ್ಲೋ ತಾಮ್ರಪಟವೋ ದೇವಸ್ಥಾನದ ಗಂಟೆಯೋ ಹಳೇ ಕ್ರಯಪತ್ರವೋ, ಕೈಗೆ ಸಿಕ್ಕಾಗ ಮೊದ್ಲು ಮೂರು ವಿಷ್ಯ ಹುಡ್ಕಿ: ಶಕ ವರ್ಷದ ನಂಬರು, ಸಂವತ್ಸರದ ಹೆಸ್ರು, ಮಾಸ. ನಂಬರಿಗೆ 78 ಕೂಡ್ಸಿ. ಮುಕ್ಕಾಲುವಾಸಿ ಸಲ ಅಲ್ಲಿಗೆ ಕೆಲ್ಸ ಮುಗೀತು. ಬೇಲೂರು ಚೆನ್ನಕೇಶವ ದೇವಸ್ಥಾನ ಪ್ರತಿಷ್ಠೆ ಆಗಿದ್ದು ಶಕ 1039, ಹೇವಿಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ. 1039ಕ್ಕೆ 78 ಸೇರಿದ್ರೆ 1117, ಸರಿಯಾಗಿದೆ, ವಿಷ್ಣುವರ್ಧನನ ಕಾಲ.

ಆದ್ರೆ ಎಡವೋದು ಎಲ್ಲಿ ಅಂದ್ರೆ ಜನವರಿ ಫೆಬ್ರವರಿ ಮಾರ್ಚಲ್ಲಿ. ಇಸವಿ ಬದಲಾಗೋದು ಜನವರಿ ಒಂದಕ್ಕೆ, ಶಕ ಬದಲಾಗೋದು ಯುಗಾದಿಗೆ. ನಡುವೆ ಇರೋ ಎರಡೂವರೆ ಮೂರು ತಿಂಗ್ಳು ಇಸವಿ ಮುಂದೆ ಹೋಗಿರತ್ತೆ, ಶಕ ಇನ್ನೂ ಹಳೇ ನಂಬರಲ್ಲೇ ನಿಂತಿರತ್ತೆ. ಆ ದಿನಗಳಿಗೆ 79 ಕೂಡ್ಸಬೇಕು. ರಕ್ಕಸತಂಗಡಿ ಯುದ್ಧ ನೋಡಿ, ತಾಳಿಕೋಟೆ ಯುದ್ಧ ಅಂತಾರಲ್ಲ, ಅದು ನಡೆದಿದ್ದು 1565ರ ಜನವರೀಲಿ. ಆಗ ನಡೀತಿದ್ದ ಶಕ 1486. ಕಣ್ಣು ಮುಚ್ಚಿ 78 ಕೂಡ್ಸಿದ್ರೆ 1564 ಬಂದು ಕೂತ್ಕೊಳತ್ತೆ, ಅಳಿಯ ರಾಮರಾಯನನ್ನ ಒಂದು ವರ್ಷ ಮುಂಚೆನೇ ಸಾಯಿಸಿದ ಹಾಗಾಗತ್ತೆ. ಹಾಗಾಗಿ ಮಾಸ ನೋಡಿ: ಚೈತ್ರದಿಂದ ಕಾರ್ತಿಕದವರೆಗೆ 78, ಮಾಘ ಫಾಲ್ಗುಣಕ್ಕೆ 79, ಮಾರ್ಗಶಿರದ ಕೊನೆ ಮತ್ತೆ ಪುಷ್ಯ ಮಾತ್ರ ಆ ಕಡೆ ಈ ಕಡೆ ಎರಡೂ ಆಗ್ಬಹುದು, ಅಲ್ಲಿ ತಿಥಿ ವಾರ ಹಾಕಿ ಪಂಚಾಂಗದ ಲೆಕ್ಕಾನೇ ಮಾಡ್ಬೇಕು.

ಎರಡನೇದು, ಕಲ್ಲಲ್ಲಿ ನಂಬರ್ ಸವೆದಿರತ್ತೆ. 3 ಯಾವ್ದೋ 2 ಯಾವ್ದೋ ಗೊತ್ತಾಗಲ್ಲ. ಅಲ್ಲಿ ಕಾಪಾಡೋದು ಸಂವತ್ಸರ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಹೆಸ್ರು, ಸುತ್ತಿ ಸುತ್ತಿ ಬರ್ತಿರತ್ತೆ. ತಾಳೆ ನೋಡೋ ಉಪಾಯ ಸುಲಭ, ಶಕ ವರ್ಷಕ್ಕೆ 12 ಕೂಡ್ಸಿ 60ರಿಂದ ಭಾಗಿಸಿ, ಉಳಿದ ಶೇಷ ಎಷ್ಟೋ ಅಷ್ಟನೇ ಸಂವತ್ಸರ, ಸೊನ್ನೆ ಉಳಿದ್ರೆ ಅರವತ್ತನೇ ಅಕ್ಷಯ. ಬೇಲೂರಿಂದು ಹಾಕಿ ನೋಡಿ: 1039ಕ್ಕೆ 12 ಸೇರಿ 1051, ಅರವತ್ತರಿಂದ ಭಾಗಿಸಿದ್ರೆ 31 ಉಳಿಯತ್ತೆ, 31ನೇದು ಹೇವಿಳಂಬಿ. ಕೂತ್ಕೊಳ್ತು. ಶ್ರವಣಬೆಳಗೊಳದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಬುಕ್ಕರಾಯ ರಾಜಿ ಮಾಡ್ಸಿದ ಶಾಸನ ಇದ್ಯಲ್ಲ, ಶಕ 1290 ಕೀಲಕ ಸಂವತ್ಸರ, ಅದನ್ನೂ ಹಾಕಿ: 1302, ಶೇಷ 42, 42ನೇದು ಕೀಲಕ. ಇಸವಿ 1368. ಈ ತಾಳೆ ಸುಮಾರು 10ನೇ ಶತಮಾನದಿಂದ ಈಚಿನ ನಮ್ಮ ಕಡೆ ಶಾಸನಗಳಿಗೆ ಚೆನ್ನಾಗಿ ಹೊಂದತ್ತೆ, ಅದಕ್ಕಿಂತ ಹಿಂದಿಂದಕ್ಕೆ ಇದನ್ನೇ ನಂಬ್ಕೊಂಡು ಕೂರ್ಬೇಡಿ. ಮತ್ತೆ ಒಂದೊಂದ್ಸಲ ನಂಬರಿಗೂ ಸಂವತ್ಸರಕ್ಕೂ ಒಂದು ವರ್ಷ ವ್ಯತ್ಯಾಸ ಬರತ್ತೆ, ಯಾಕಂದ್ರೆ ಸಾಮಾನ್ಯವಾಗಿ ಬರೆಯೋದು ಕಳೆದುಹೋದ ವರ್ಷ, ಹಳಗನ್ನಡ ಶಾಸನದಲ್ಲಿ "ಶಕನೃಪಕಾಲಾತೀತ ಸಂವತ್ಸರ" ಅನ್ನೋದೇ ಅದು, ಅತೀತ ಅಂದ್ರೆ ಸಂದು ಹೋದದ್ದು. ಕೆಲವರು ನಡೀತಿರೋ ವರ್ಷದ ನಂಬರನ್ನೇ ಹಾಕ್ಬಿಡ್ತಾರೆ, ಆಗ 77 ಕೂಡ್ಸಬೇಕಾಗತ್ತೆ. ಜಗಳ ಬಂದ್ರೆ ನಾನು ಸಂವತ್ಸರದ ಪರ. ಅಂಕಿ ಕೊರೆಯೋವಾಗ ಕೈತಪ್ಪಬಹುದು, ತಾನು ಬದುಕ್ತಿರೋ ಸಂವತ್ಸರದ ಹೆಸ್ರು ಯಾರೂ ಮರೆಯಲ್ಲ.

ಇನ್ನೊಂದು ಗುಂಡಿ ಉತ್ತರ ಕರ್ನಾಟಕದ ಶಾಸನ ಓದೋರಿಗೆ. ಕಲ್ಯಾಣದ ಚಾಳುಕ್ಯರ ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದವನೇ ಹಳೇ ಶಕ ಬೇಡ, ಇನ್ಮೇಲೆ ನನ್ನಿಂದಲೇ ಎಣಿಸಿ ಅಂತ ಚಾಳುಕ್ಯ ವಿಕ್ರಮ ವರ್ಷ ಶುರು ಮಾಡ್ದ. ಧೈರ್ಯ ನೋಡಿ. ಹಾಗಾಗಿ "ಚಾಳುಕ್ಯ ವಿಕ್ರಮ ವರ್ಷದ 37ನೆಯ" ಅಂತ ಇದ್ರೆ 78 ಅಲ್ಲ, 1075 ಕೂಡ್ಸಬೇಕು, 1112 ಬರತ್ತೆ, ಅಂದ್ರೆ ಇಟಗಿ ಮಹಾದೇವ ದೇವಸ್ಥಾನ ಕಟ್ಟಿದ ವರ್ಷ. ಅವನ ಎಣಿಕೆ ಅವನ ವಂಶದ ಜೊತೆಗೇ ಮಂಕಾಯ್ತು, ಜನ ಮತ್ತೆ ಶಕಕ್ಕೇ ವಾಪಸ್ ಬಂದ್ರು. ಇದನ್ನ ಉತ್ತರ ಭಾರತದ ವಿಕ್ರಮ ಸಂವತ್ ಜೊತೆ ಕಲಸ್ಕೋಬೇಡಿ, ಅದು ಬೇರೆ, ಅಲ್ಲಿ ಕೂಡ್ಸೋದಲ್ಲ, 57 ಕಳೀಬೇಕು.

ಐಹೊಳೆ ಮೇಗುತಿ ಗುಡಿಯ ಶಾಸನ ಬರೆದ ಕವಿ ರವಿಕೀರ್ತಿಯಂತೂ ಯಾರಿಗೂ ಅನುಮಾನ ಬರಬಾರ್ದು ಅಂತ ಎರಡೂ ಲೆಕ್ಕ ಕೊಟ್ಟಿದಾನೆ. ಭಾರತ ಯುದ್ಧ ಆಗಿ 3735 ವರ್ಷ, ಶಕ ರಾಜರ ಕಾಲದಿಂದ 556 ವರ್ಷ ಅಂತ. ಕಲಿಯುಗದ ಎಣಿಕೆ ಶುರುವಾಗೋದು ಕ್ರಿ.ಪೂ. 3102ರಿಂದ, ಭಾರತ ಯುದ್ಧದಿಂದ ಎಣಿಸಿದ್ದನ್ನೂ ಅದೇ ಎಣಿಕೆ ಅಂತ ತಗೊಂಡು 3735ರಿಂದ 3101 ಕಳೆದ್ರೆ 634, ಶಕ 556ಕ್ಕೆ 78 ಕೂಡ್ಸಿದ್ರೂ 634. ಇಮ್ಮಡಿ ಪುಲಕೇಶಿಯ ಕಾಲ ಗಟ್ಟಿ ಮಾಡ್ಕೊಳ್ಳೋಕೆ ಇದೇ ಆಧಾರ. ಎಲ್ರೂ ಇವನಷ್ಟು ಒಳ್ಳೇರಾಗಿದ್ರೆ ಎಷ್ಟು ಚೆನ್ನಾಗಿತ್ತು! ವಿಜಯನಗರದ ತಾಮ್ರಪಟಗಳಲ್ಲಿ ಕವಿಗಳು ಅಂಕಿ ಬರೆಯೋ ಬದ್ಲು ಪದ ಬರೀತಾರೆ, ಖ ಅಂದ್ರೆ ಆಕಾಶ ಹಾಗಾಗಿ ಸೊನ್ನೆ, ಚಂದ್ರ ಒಂದು, ನೇತ್ರ ಎರಡು, ವೇದ ನಾಲ್ಕು, ನಿಧಿ ಒಂಬತ್ತು. ಅದನ್ನ ಬಲದಿಂದ ಎಡಕ್ಕೆ ಓದ್ಬೇಕು. ನಾನೇ ಒಂದು ಕಟ್ತೀನಿ: "ಖ ನಿಧಿ ನೇತ್ರ ಚಂದ್ರ". ಬಂದ ಹಾಗೇ ಬರೆದ್ರೆ 0921, ತಿರುಗ್ಸಿ ಓದಿದ್ರೆ 1290. ಹಳೇ ಕಂದಾಯದ ಕಾಗದದಲ್ಲಿ "ಫಸಲಿ" ಅಂತ ಕಂಡ್ರೆ ಅದು ಮತ್ತೊಂದೇ ಎಣಿಕೆ, ಸುಮಾರಾಗಿ 590 ಕೂಡ್ಸಿ.

ಸರ್ಕಾರದ ಶಕದ ಬಗ್ಗೆ ಒಂದೇ ಮಾತು. 1957ರ ಮಾರ್ಚ್ 22ರಂದು, ಅಂದ್ರೆ ಶಕ 1879ರ ಚೈತ್ರ 1ರಂದು, ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ಯಾಲೆಂಡರ್ ಜಾರಿಗೆ ತಂತು, ವಿಜ್ಞಾನಿ ಮೇಘನಾದ ಸಾಹಾ ಅವರ ಸಮಿತಿ ಹೇಳಿದ ಪ್ರಕಾರ. ನಂಬರು ನಮ್ಮ ಪಂಚಾಂಗದ್ದೇ, ಆದ್ರೆ ಅಲ್ಲಿ ಚೈತ್ರ 1 ಯಾವಾಗ್ಲೂ ಮಾರ್ಚ್ 22, ಅಧಿಕ ವರ್ಷದಲ್ಲಿ 21. ಯುಗಾದಿಗೂ ಅದಕ್ಕೂ ಸಂಬಂಧ ಇಲ್ಲ. ಭಾರತದ ಗೆಜೆಟ್ ಮೇಲ್ಗಡೆ ಇಂಗ್ಲಿಷ್ ತಾರೀಖಿನ ಪಕ್ಕ ಶಕದ ತಾರೀಖು ಇರತ್ತೆ, ಅದು ಇದು.

ಓದೋದು ಆಯ್ತು, ಇನ್ನು ಬರೆಯೋದು. ಕನ್ನಡದಲ್ಲಿ ಕ್ರಿ.ಶ. ಮುಂದೆ ಬರ್ಬೇಕು, "ಕ್ರಿ.ಶ. 1117". "1117 ಕ್ರಿ.ಶ." ಅಂತ ಬರೆದ್ರೆ ಇಂಗ್ಲಿಷಿಂದ ಎತ್ತಿ ಇಟ್ಟ ಹಾಗೆ ಕಾಣತ್ತೆ. ಹಾಗಂತ "ಕ್ರಿ.ಶ. 1956ರಲ್ಲಿ ರಾಜ್ಯ ಏಕೀಕರಣ ಆಯ್ತು" ಅಂತೆಲ್ಲ ಬರೀಬೇಡಿ, 1956ಕ್ಕೆ ಯಾರಿಗೂ ಅನುಮಾನ ಇಲ್ಲ. ಮಾತಲ್ಲಿ "ಇಸವಿ" ಸಾಕು. ಅಂದ ಹಾಗೆ ಈ ಇಸವಿ ಅನ್ನೋದೂ ಈಸಾ, ಅಂದ್ರೆ ಏಸು ಹೆಸ್ರಿಂದ್ಲೇ ಬಂದಿದ್ದು, ಹಾಗಾಗಿ "ಕ್ರಿ.ಶ. 1117ನೇ ಇಸವಿ" ಅಂದ್ರೆ ಒಂದೇ ಮಾತು ಎರಡು ಸಲ ಹೇಳಿದಂಗೆ. "ಕ್ರಿಸ್ತ ಪೂರ್ವ ಶಕ" ಅಂತ ಒಬ್ರು ಭಾಷಣದಲ್ಲಿ ಹೇಳಿದ್ದು ಕೇಳಿದೀನಿ, ಅದಂತೂ ಬೇಡ್ವೇ ಬೇಡ, ಕ್ರಿಸ್ತ ಪೂರ್ವ ಅಷ್ಟೇ. ಕ್ರಿ.ಪೂ.ದಲ್ಲಿ ಎಣಿಕೆ ಹಿಂದಕ್ಕೆ ಓಡತ್ತೆ ಅನ್ನೋದು ನೆನಪಿರ್ಲಿ, ಕ್ರಿ.ಪೂ. 3ನೇ ಶತಮಾನ ಅಂದ್ರೆ 300ರಿಂದ 201, ಮಸ್ಕಿ ಬ್ರಹ್ಮಗಿರಿಯ ಅಶೋಕನ ಶಾಸನ ಬರೋದು ಅಲ್ಲೇ. ಮಧ್ಯ ಸೊನ್ನೆ ವರ್ಷ ಅಂತ ಇಲ್ಲ, ಕ್ರಿ.ಪೂ. 1 ಆದ್ಮೇಲೆ ಸೀದಾ ಕ್ರಿ.ಶ. 1.

ಈಗ ನನಗೆ ನಿಜವಾಗ್ಲೂ ತಲೆನೋವು ತರೋ ವಿಷ್ಯ. ಈಚೆಗೆ ಕ್ರಿ.ಶ. ಬದ್ಲು "ಸಾಮಾನ್ಯ ಶಕ" ಅಂತ ಬರೀತಾರೆ, ಚಿಕ್ಕದಾಗಿ ಸಾ.ಶ. ಅದ್ರಲ್ಲಿ ತಪ್ಪೇನಿಲ್ಲ, ವರ್ಷದ ನಂಬರೂ ಬದಲಾಗಲ್ಲ. ಆದ್ರೆ ಶಾಲಿವಾಹನ ಶಕಕ್ಕೆ ಮೊದ್ಲಿಂದ್ಲೂ ಇರೋ ಸಂಕ್ಷೇಪ ಶಾ.ಶ. ಸಾ.ಶ. ಮತ್ತೆ ಶಾ.ಶ., ಒಂದು ಅಕ್ಷರ ಆ ಕಡೆ ಈ ಕಡೆ ಆದ್ರೆ 78 ವರ್ಷ ಮಾಯ! ಶ-ಸ ವ್ಯತ್ಯಾಸವೇ ಮಾಡದೆ ಟೈಪ್ ಮಾಡೋ ನಮ್ಮಂಥೋರ ಕೈಗೆ ಇದು ಸಿಕ್ಕಿದ್ರೆ ಕೇಳ್ಬೇಕಾ. ಹಾಗಾಗಿ ಶಾಸನದ ವಿಷ್ಯ ಬರೆಯೋವಾಗ ಎರಡನ್ನೂ ಪೂರ್ತಿ ಬಿಡಿಸಿ ಬರೀರಿ, ಇಲ್ಲ ಕ್ರಿ.ಶ. ಅಂತಲೇ ಹಾಕಿ. ನಾನು ಕ್ರಿ.ಶ. ಬಿಡದೇ ಇರೋದಕ್ಕೆ ಕಾರಣ ಇದೊಂದೇ.

ಶತಮಾನದ ತಪ್ಪು ಎಲ್ರಿಗೂ ಗೊತ್ತಿರೋದೇ, ಆದ್ರೂ ಎಲ್ರೂ ಮಾಡೋದೇ. 12ನೇ ಶತಮಾನ ಅಂದ್ರೆ 1101ರಿಂದ 1200, ಬಸವಣ್ಣನವರ ಕಾಲ. ಕೃಷ್ಣದೇವರಾಯ ಆಳಿದ್ದು 1509ರಿಂದ 1529, ಅದು 16ನೇ ಶತಮಾನ, ನಂಬರಲ್ಲಿ 15 ಕಾಣ್ತು ಅಂತ 15ನೇ ಶತಮಾನ ಅನ್ಬೇಡಿ. ಶತಕ ಅಂತಲೂ ಹಿಂದೆ ಬರೀತಿದ್ರು, ಈಗ ಶತಕ ಅಂದ್ರೆ ಕ್ರಿಕೆಟ್ಟೇ ಕಣ್ಮುಂದೆ ಬರೋದು. ದಶಕದಲ್ಲಿ ಇನ್ನೊಂದು ಸಣ್ಣ ಮೋಸ ಇದೆ: ತುರ್ತು ಪರಿಸ್ಥಿತಿ ಬಂದ 1975 "70ರ ದಶಕ", ಆದ್ರೆ ಅದೇ 20ನೇ ಶತಮಾನದ "ಎಂಟನೇ ದಶಕ". ಗೋಕಾಕ್ ಚಳವಳಿ ಜೋರಾದ 1982 "80ರ ದಶಕ". ಎಂಟನೇ ದಶಕ ಅಂತ ಓದಿ 80ರ ದಶಕ ಅಂದ್ಕೊಂಡ್ರೆ ಕಥೆ ಮುಗೀತು. ಮಾತಾಡೋ ಹಾಗೆ 70ರ ದಶಕ, 80ರ ದಶಕ ಅಂತ ಬರೆದ್ರೆ ಯಾರಿಗೂ ತೊಂದ್ರೆ ಇಲ್ಲ.

ಯುಗಕ್ಕೆ ನಂಬರ್ ಬೇಡ, ಗುಣ ಬೇಕು. ಶಿಲಾಯುಗ, ಕಬ್ಬಿಣ ಯುಗ, ಸಾಹಿತ್ಯ ಚರಿತ್ರೇಲಿ ಪಂಪ ಯುಗ, ಕುಮಾರವ್ಯಾಸ ಯುಗ. ಏನೋ ಒಂದು ಅಥವಾ ಯಾರೋ ಒಬ್ರು ಇಡೀ ಕಾಲಕ್ಕೆ ತಮ್ಮ ಬಣ್ಣ ಹಚ್ಚಿರ್ಬೇಕು. ಕಾಲ ಅನ್ನೋದು ಎಲ್ಲಕ್ಕೂ ಆಗತ್ತೆ, ಹೊಯ್ಸಳರ ಕಾಲ, ನಮ್ಮಜ್ಜನ ಕಾಲ, ಲೆಕ್ಕವೇ ಸಿಗದಷ್ಟು ಹಳೇದಾದ್ರೆ ಓಬೀರಾಯನ ಕಾಲ. ನಿಮಗೆ ಅನುಮಾನ ಬಂದಾಗ "ಕಾಲ" ಹಾಕಿ, ತಪ್ಪಾಗೋ ಚಾನ್ಸೇ ಇಲ್ಲ. ಇವೆಲ್ಲ ಒಂದ್ರ ಒಳಗೆ ಒಂದು ಹೇಗೆ ಕೂರತ್ತೆ ಅಂತ ನೋಡ್ಬೇಕಂದ್ರೆ ಪುರೋಹಿತರು ಸಂಕಲ್ಪ ಹೇಳೋವಾಗ ಕಿವಿ ಕೊಡಿ: ವೈವಸ್ವತ ಮನ್ವಂತರೇ, ಕಲಿಯುಗೇ, ಪ್ರಥಮಪಾದೇ, ಶಾಲಿವಾಹನ ಶಕೇ, ಆಮೇಲೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಊರು ಕೇರಿ ಪಿನ್ ಕೋಡ್ ಬರೆದ ಹಾಗೆ ಕಾಲದ ಅಡ್ರೆಸ್ಸು ಅದು.

"ಹೊಸ ಶಕೆ" ಅನ್ನೋದನ್ನ ಮಾತ್ರ ಸ್ವಲ್ಪ ಕೈ ಬಿಗಿ ಹಿಡಿದು ಬಳಸಿ. ಅದ್ರ ನಿಜವಾದ ಅರ್ಥ ಇವತ್ತಿಂದ ಎಣಿಕೇನೇ ಹೊಸದಾಗಿ ಶುರು, ಅಂತ. ಶಕಪುರುಷ ಅಂದ್ರೂ ಹಾಗೇ, ಇವ್ರಿಂದ ಕಾಲ ಎಣಿಸ್ಬೇಕು ಅನ್ನೋವಷ್ಟು ದೊಡ್ಡೋರು. ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಶೌಚಾಲಯ ಉದ್ಘಾಟನೆ ಬ್ಯಾನರಲ್ಲಿ "ಹೊಸ ಶಖೆಗೆ ನಾಂದಿ" ಅಂತ ಬರೆಸಿದ್ರು. ಏಪ್ರಿಲ್ ತಿಂಗ್ಳು ಬೇರೆ, ಸೆಖೆ ಅಂತಲೇ ಓದ್ಕೊಂಡ್ವಿ.

ಸರಿ, ಬಾಗಿಲ್ವಾಡಕ್ಕೆ ಬರೋಣ. 1832ಕ್ಕೆ 12 ಕೂಡ್ಸಿದ್ರೆ 1844, ಅರವತ್ತರಿಂದ ಭಾಗಿಸಿ ಶೇಷ 44, ನಲವತ್ನಾಲ್ಕನೇದು ಸಾಧಾರಣ. ಪಟ್ಟಿ ಮೇಲೂ ಸಾಧಾರಣ ಅಂತಲೇ ಇದೆ, ಅಂದ್ರೆ ಬಡಗಿ ನಂಬರ್ ಸರಿಯಾಗೇ ಕೊರ್ದಿದಾನೆ. ಮಾಸ ಮಾಘ, ಹಾಗಾಗಿ 78 ಅಲ್ಲ 79, ಇಸವಿ 1911, ಮಾಘ ಶುದ್ಧ ಪಂಚಮಿ ಅಂದ್ರೆ ಫೆಬ್ರವರಿ ಶುರುವಿನ ಆಸುಪಾಸು. ಮುಮ್ಮಡಿಯವರ ಕಾಲ ಅಲ್ಲ, ನಾಲ್ವಡಿಯವರ ಕಾಲ. ಇಷ್ಟೂ ಗ್ರೂಪಲ್ಲಿ ಹಾಕಿದ್ಮೇಲೆ ಅರ್ಧ ದಿನ ಯಾರೂ ಮಾತಾಡ್ಲಿಲ್ಲ, ಎಂಬತ್ತು ವರ್ಷ ಕಳ್ಕೊಂಡ ದುಃಖ. ಸಂಜೆ ಚಿಕ್ಕಪ್ಪನೇ ಮತ್ತೆ ಬಂದ್ರು, ಕೆ.ಆರ್.ಎಸ್ ಅಣೆಕಟ್ಟಿನ ಕೆಲ್ಸ ಶುರುವಾಗಿದ್ದು 1911ರ ನವೆಂಬರಲ್ಲಿ ಅಂತ ಎಲ್ಲೋ ಹುಡ್ಕಿ ತಂದಿದ್ರು. "ಹಂಗಾದ್ರೆ ನಮ್ಮನೆ ಕನ್ನಂಬಾಡಿ ಕಟ್ಟೆಗಿಂತ ಒಂಬತ್ತು ತಿಂಗ್ಳು ಹಿರೇದು" ಅಂತ ಹಾಕಿದ್ರು. ಮತ್ತೆ ಇಪ್ಪತ್ತು ಎಮೋಜಿ.